ಬೂಷ್ಟುಗೈಯವಳ ಭರಣಿ

ಆ ಮನೆಯ ಚಿಕ್ಕ ಸೊಸೆಗೆ ಹೆತ್ತವರು ಇಟ್ಟ ಹೆಸರು ಒಂದಾದರೆ, ಅತ್ತೆಮನೆಯವರು ಇಟ್ಟದ್ದು ಇನ್ನೊಂದು. ಬೂಷ್ಟುಗೈ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ ಅನ್ನಿ, ಅಷ್ಟರಮಟ್ಟಿಗೆ ಎಲ್ಲರೂ ಮರ್ಯಾದಸ್ಥರೇ! ಆದರೆ ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಕಾಲಿಟ್ಟರೆ ಸಾಕು, "ಭರಣಿ ಬಾಯಿ ಕಟ್ಟಿದೆ ತಾನೇ?" ಎಂದು ಒಳಗಿನಿಂದ ಒಂದು ದನಿ ಬರುತ್ತಿತ್ತು. ಅದು ಅವಳ ಓರಗಿತ್ತಿಯ ದನಿ. ಮನೆಯ ದೊಡ್ಡ ಸೊಸೆ, ಮಾತಿಗೆ ಮುಂಚೆ ಒಂದು 'ಪಾಪ' ಸೇರಿಸದೆ ಯಾರ ಬಗ್ಗೆಯೂ ಮಾತಾಡದ ಹೆಂಗಸು. ಚಿಕ್ಕವಳು ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು.

ಮನೆಯ ಮುಂದಿನ ಅರ್ಧ ಹೋಟೆಲು, ಹಿಂದಿನ ಅರ್ಧ ಸಂಸಾರ. ಮಧ್ಯಾಹ್ನವಾದರೆ ಬಸ್ ಡ್ರೈವರುಗಳು, ಎದುರಿನ ಆಸ್ಪತ್ರೆಯ ನರ್ಸುಗಳು, ಕಚೇರಿಯ ಗುಮಾಸ್ತರು ಎಲ್ಲ ಅಲ್ಲಿಗೇ ಬರುತ್ತಿದ್ದರು. ಊಟ ಹೇಳಿಕೊಳ್ಳುವಂಥದ್ದೇನಲ್ಲ, ಎಲ್ಲ ಕಡೆ ಸಿಗುವಂಥದ್ದೇ. ಜನ ಬರುತ್ತಿದ್ದದ್ದು ತಟ್ಟೆಯ ಅಂಚಿಗೆ ಬಡಿಸುತ್ತಿದ್ದ ಹುರುಳಿಕಾಯಿ ಉಪ್ಪಿನಕಾಯಿಗೆ. ಕಚ್ಚಿದರೆ ಕರುಂ ಎನ್ನಬೇಕು, ಹುಳಿ ಕಿವಿಯವರೆಗೆ ಹತ್ತಬೇಕು, ಆಮೇಲೆ ಮೆಣಸಿನ ಖಾರ ನಿಧಾನವಾಗಿ ಗಂಟಲಿಗಿಳಿಯಬೇಕು. ಅದು ತೀರಿದ ದಿನ ಗಿರಾಕಿಗಳು ಕುರ್ಚಿ ಎಳೆಯುವ ಮುಂಚೆಯೇ ವಾಪಸು ಹೋದದ್ದುಂಟು. ಹಾಗಾಗಿ ಆ ಮನೆಯಲ್ಲಿ ಭರಣಿ ಯಾರ ಕೈಯಲ್ಲಿದೆಯೋ ಅವಳೇ ಯಜಮಾನಿ, ಮಿಕ್ಕವರೆಲ್ಲ ಪಾತ್ರೆ ತೊಳೆಯುವವರು.

ಚಿಕ್ಕವಳು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಅವಳಿಂದಲೂ ಒಂದು ಭರಣಿ ತುಂಬಿಸಿದ್ದರು. ಎಳೆ ಕಾಯಿಗಳನ್ನೇ ಆರಿಸಿ, ತೊಟ್ಟು ಮುರಿದು, ನಾರು ತೆಗೆದು, ಕುದಿಯುವ ನೀರಲ್ಲಿ ಒಂದು ಸಲ ಮುಳುಗಿಸಿ ತೆಗೆದು, ಹಳೇ ಬಟ್ಟೆಯ ಮೇಲೆ ಹರವಿ ಒಣಗಿಸಿ, ಒಂದೊಂದನ್ನೂ ಭರಣಿಯಲ್ಲಿ ನೆಟ್ಟಗೆ ನಿಲ್ಲಿಸಿದ್ದಳು. ಬೆಳ್ಳುಳ್ಳಿ, ಮೆಣಸು, ಸಾಸಿವೆ ಹಾಕಿ, ಕಾಯಿಸಿ ಆರಿಸಿದ ಉಪ್ಪುನೀರು ಸುರಿದು, ಕಾಯಿ ಮೇಲೆ ತೇಲದ ಹಾಗೆ ಭಾರಕ್ಕೊಂದು ಕಲ್ಲಿಟ್ಟು, ಬಾಯಿಗೆ ಬಟ್ಟೆ ಕಟ್ಟಿದ್ದಳು. ತೆಗೆದ ದಿನ ಭರಣಿಯ ಮೇಲೆ ಬಿಳೀ ಬೂಷ್ಟು ಬೆರಳುದ್ದ ಬೆಳೆದಿತ್ತು. ಇಡೀ ಮನೆ ಮೂಗು ಮುಚ್ಚಿಕೊಂಡಿತು. ಅಕ್ಕ ಮಾತ್ರ ಅವಳ ಬೆನ್ನು ಸವರಿ, "ಪಾಪ, ಅವಳೇನು ಬೇಕೂಂತ ಮಾಡಿದ್ಲಾ? ಕೆಲವರ ಕೈಗುಣವೇ ಹಾಗೆ," ಅಂದಳು. ಅವತ್ತು ಅಂಟಿದ ಹೆಸರು ಇವತ್ತಿನವರೆಗೂ ಬಿಟ್ಟಿರಲಿಲ್ಲ.

ಅವಳೂ ನಂಬಿದ್ದಳು, ಅದನ್ನು ಹೇಳಲೇಬೇಕು. ಬಚ್ಚಲಲ್ಲಿ ಬೂದಿ ಹಾಕಿ ಕೈ ತಿಕ್ಕಿ ತಿಕ್ಕಿ ಚರ್ಮ ಸುಲಿಸಿಕೊಂಡಿದ್ದಳು. ಗಂಡನ ಹತ್ತಿರ ಅತ್ತರೆ, ಮಾರುಕಟ್ಟೆಯಿಂದ ತರಕಾರಿ ಹೊತ್ತು ತರುವುದು ಬಿಟ್ಟು ಬೇರೆ ಯಾವುದಕ್ಕೂ ತಲೆ ಕೊಡದ ಆ ಮನುಷ್ಯ, "ಹೋಗ್ಲಿ ಬಿಡು," ಅಂದಿದ್ದ. ಯಾವುದಕ್ಕೆ ಕೇಳಿದರೂ ಅವನ ಉತ್ತರ ಅದೇ. ಅವನ ಮನೆಗೆ ಬೆಂಕಿ ಬಿದ್ದರೂ ಹೋಗ್ಲಿ ಬಿಡು ಅಂದಾನು.

ಅವಳು ಬಿಟ್ಟಿದ್ದಳು ಕೂಡ, ಮಗಳು ವಾಪಸು ಬರುವವರೆಗೆ. ಮಗಳು ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಕೆಲಸಕ್ಕಿದ್ದಳು. ಕ್ಯಾಂಟೀನು ಮುಚ್ಚಿತು, ಪೆಟ್ಟಿಗೆ ಹಿಡಿದು ಮನೆಗೆ ಬಂದಳು, ಬಂದ ವಾರವೇ ಅಜ್ಜಿಯ ಮುಂದೆ ಕೂತು, "ಅಜ್ಜಿ, ದೊಡ್ಡಮ್ಮಂಗೆ ಕಣ್ಣು ಮಂಜಾಗ್ತಿದೆ. ಅಡುಗೆಮನೆ ನಂಗೆ ಕೊಡಿ, ನಾನು ನೋಡ್ಕೋತೀನಿ," ಎಂದು ಕೇಳಿಯೇಬಿಟ್ಟಳು. ಅಜ್ಜಿ ತಲೆಯಾಡಿಸುವುದರಲ್ಲಿದ್ದರು. ಅಷ್ಟರಲ್ಲಿ ದೊಡ್ಡವಳು ತಟ್ಟೆ ಒರೆಸುತ್ತಲೇ ಹೇಳಿದಳು. "ಕೊಡಿ ಅತ್ತೆ, ಬೇಡ ಅನ್ನೋಕೆ ನಾನ್ಯಾರು? ಆದ್ರೆ ಭರಣಿ ಹತ್ರ ಮಾತ್ರ ಬಿಡ್ಬೇಡಿ. ಪಾಪ, ತಾಯಿ ಕೈ ಮಗಳಿಗೂ ಬಂದಿರುತ್ತೆ."

ಅಜ್ಜಿಯ ತಲೆ ಅಲ್ಲೇ ನಿಂತಿತು. ಮಗಳು ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಅದನ್ನು ಕಂಡ ತಾಯಿಯ ಪಿತ್ತ ನೆತ್ತಿಗೇರಿತು. ನನ್ನನ್ನು ಏನು ಬೇಕಾದರೂ ಅನ್ನಿ, ನನ್ನ ಮಗಳಿಗೂ ಬಳಿಯುತ್ತೀರಾ ಈ ಮಸಿ! ಆದರೆ ಬಾಯಿ ಬಿಟ್ಟು ಏನೆಂದು ಹೇಳುವುದು? ಬೂಷ್ಟು ಬಂದದ್ದಂತೂ ನಿಜವೇ ತಾನೆ.

ಅದಾಗಿ ಕೆಲವು ದಿನಕ್ಕೆ, ಊಟದ ಗಲಾಟೆ ಮುಗಿದ ಹೊತ್ತಿನಲ್ಲಿ, ಅವಳು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಅಡುಗೆಮನೆಯ ಕಿಟಕಿ ತೆರೆದಿತ್ತು. ಒಳಗೆ ದೊಡ್ಡವಳು ತನ್ನ ಸೊಸೆಗೆ, ಮೊನ್ನೆ ಮೊನ್ನೆ ಮದುವೆಯಾಗಿ ಬಂದ ಹುಡುಗಿಗೆ, ಭರಣಿಯ ಪಾಠ ಹೇಳುತ್ತಿದ್ದಳು. ಆ ಹುಡುಗಿ ಎಂದರೆ ಅವಳಿಗೆ ಪ್ರಾಣ. ಮಗನಿಗಿಂತ ಒಂದು ತುತ್ತು ಹೆಚ್ಚೇ ಹಾಕುತ್ತಿದ್ದಳು.

"ಒದ್ದೆ ಸೌಟು ಹಾಕ್ಬೇಡ ಪುಟ್ಟಿ. ನೀರು ಬಿದ್ರೆ ಮುಗೀತು."

"ಒಂಚೂರು ಬಿದ್ರೂನಾ ಅತ್ತೆ?"

"ಕಲ್ಲು ಎತ್ತಿಟ್ಟು ಒಂದು ಲೋಟ ನಲ್ಲಿ ನೀರು ಹುಯ್ದು ನೋಡು, ವಾರದೊಳಗೆ ಕಂಬಳಿ ಹೊದ್ಕೊಂಡಿರುತ್ತೆ. ಸುಮ್ನೆ ಹೇಳ್ತಿಲ್ಲ, ನನ್ನ ಕೈಯಾರೆ ಹುಯ್ದು ನೋಡಿದೀನಿ." ಅಂದು ದೊಡ್ಡವಳು ನಕ್ಕಳು.

ಹಿತ್ತಲಲ್ಲಿ ಚಿಕ್ಕವಳ ಕೈ ಪಾತ್ರೆಯ ಮೇಲೆ ಹಾಗೇ ನಿಂತಿತು. ಹುಯ್ದು ನೋಡಿದ್ದು ಯಾವ ಭರಣಿಗೆ? ಈ ಮನೆಯಲ್ಲಿ ಕೆಟ್ಟದ್ದು ಒಂದೇ ಒಂದು ಭರಣಿ. ಅದು ಯಾರದೆಂದು ಬೀದಿಯ ನಾಯಿಗೂ ಗೊತ್ತು. ಅವಳಿಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು, ಅಷ್ಟೆ. ಸುಲಿದುಹೋದ ಚರ್ಮ, ಬೆನ್ನು ಸವರಿದ ಆ ಕೈ, ಆ 'ಪಾಪ', ಎಲ್ಲ ಒಟ್ಟಿಗೆ ನೆನಪಾಯಿತು. ಅಯ್ಯೋ ಪಾಪಿ ಮುಂಡೇದೇ, ನಿನ್ನನ್ನು ಅಕ್ಕ ಅಂದೆನಲ್ಲ!

ಅತ್ತೆಗೆ ಹೇಳಿದರೆ ಅಕ್ಕ ಇಲ್ಲ ಅನ್ನುತ್ತಾಳೆ, ಬೂಷ್ಟುಗೈಯವಳ ಮಾತು ಯಾರು ನಂಬುತ್ತಾರೆ? ಮೊದಲು ಹೊಳೆದದ್ದು ಯಾರಿಗಾದರೂ ಹೊಳೆಯುವುದೇ. ಅಕ್ಕನ ಭರಣಿಗಳಿಗೂ ನೀರು ಹುಯ್ಯುವುದು. ಮರುದಿನ ಮಧ್ಯಾಹ್ನ ಅತ್ತೆ ಮಲಗಿದ್ದರು, ದೊಡ್ಡವಳು ಮುಂದೆ ಹೋಟೆಲಿನಲ್ಲಿದ್ದಳು. ಚಿಕ್ಕವಳು ಲೋಟಕ್ಕೆ ನೀರು ತುಂಬಿಕೊಂಡು ಭರಣಿಗಳ ಮೂಲೆಯವರೆಗೂ ಹೋದಳು. ಅಲ್ಲಿ ನಿಂತ ಮೇಲೆ ಬುದ್ಧಿ ಬಂತು. ಬೂಷ್ಟು ಬಂದರೆ ಹೆಸರು ಯಾರದು? ನಾನು ಅಡುಗೆಮನೆಗೆ ಕಾಲಿಟ್ಟೆನೆಂದೇ ಹೇಳುತ್ತಾರೆ. ಅವಳು ಆ ನೀರನ್ನು ತಾನೇ ಗಟಗಟ ಕುಡಿದು ಬಂದಳು. ಕೆಡಿಸಿ ಪ್ರಯೋಜನವಿಲ್ಲ, ಕೆಡದೇ ಇರಬೇಕು, ಅದೂ ನನ್ನ ಕೈ ಬಿದ್ದ ಮೇಲೆ. ಅವಳ ಸೇಡು ಅಲ್ಲಿಂದ ಬೇರೆ ದಾರಿ ಹಿಡಿಯಿತು.

ಹುರುಳಿಕಾಯಿಯ ಸುಗ್ಗಿ ಬಂತು. ಗಂಡ ಮೂಟೆ ಮೂಟೆ ತಂದು ಹಾಕಿದ. ವರ್ಷದ ಉಪ್ಪಿನಕಾಯಿ ಹಾಕುವ ದಿನ ಹೋಟೆಲಿಗೆ ಅರ್ಧ ಬಾಗಿಲು. ನೆಲದ ಮೇಲೆ ಬಟ್ಟೆ ಹಾಸಿ, ಫ್ಯಾನಿನ ಕೆಳಗೆ ಕಾಯಿ ಹರವಿದ್ದರು. ಬಿಸಿಲಿಗೆ ಒಣಗಿಸಿದ ಭರಣಿಗಳು ಸಾಲಾಗಿ ಬಾಯಿ ತೆರೆದು ನಿಂತಿದ್ದವು. ದೊಡ್ಡವಳು ಚಕ್ಕಳಮಕ್ಕಳ ಹಾಕಿ ಕೂತು ಕಾಯಿ ಜೋಡಿಸಿ ಮುಗಿಸಿದ್ದಳು, ಉಪ್ಪುನೀರು ಹಾಕುವುದೊಂದೇ ಬಾಕಿ. ಚಿಕ್ಕವಳು ಕೈ ತೊಳೆದು, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿಕೊಂಡು, ಒಳಗೆ ಬಂದಳು. ಯಾರನ್ನೂ ಕೇಳಲಿಲ್ಲ. ಮೊದಲನೆಯ ಭರಣಿಯಲ್ಲಿ ಮಣಿಕಟ್ಟಿನವರೆಗೆ ಕೈ ಇಳಿಸಿ ಕಾಯಿಗಳನ್ನು ಅಮುಕಿದಳು. ಆಮೇಲೆ ಎರಡನೆಯದು. ಆಮೇಲೆ ಮುಂದಿನದು.

"ಅಯ್ಯಯ್ಯೋ! ಹಾಳಾಯ್ತು! ಅತ್ತೇ, ಬನ್ನಿ ಇಲ್ಲಿ, ಇವಳು ಕೈ ಹಾಕ್ಬಿಟ್ಲು!" ದೊಡ್ಡವಳು ಬಾಯಿ ಬಡಿದುಕೊಂಡಳು.

ಅತ್ತೆ ಕೋಲೂರಿಕೊಂಡು ಬರುವ ಹೊತ್ತಿಗೆ ಅವಳ ಕೈ ಬೀಳದ ಒಂದು ಭರಣಿಯೂ ಉಳಿದಿರಲಿಲ್ಲ. "ಏನೇ ಇದು? ತಲೆಗಿಲೆ ಕೆಟ್ಟಿದೆಯಾ ನಿಂಗೆ?"

"ಕೆಟ್ಟಿರೋದು ನನ್ನ ಕೈ ಅಂತ ತಾನೇ ನೀವೆಲ್ಲ ಹೇಳೋದು ಅತ್ತೆ? ಈಗ ಎಲ್ಲದ್ರಲ್ಲೂ ಬಿದ್ದಿದೆ. ಉಪ್ಪುನೀರು ಹಾಕಿಸಿ, ನಿಮ್ಮ ಕೋಣೇಲಿಟ್ಟು ಬೀಗ ಹಾಕ್ಕೊಳ್ಳಿ. ಬೂಷ್ಟು ಬಂದ್ರೆ ನಾನೂ ನನ್ನ ಮಗಳೂ ಈ ಮನೆ ಬಿಟ್ಟು ಹೋಗ್ತೀವಿ. ಬರ್ದಿದ್ರೆ ಅಡುಗೆಮನೆ ಅವಳಿಗೆ ಕೊಡ್ಬೇಕು, ಭರಣಿ ಸಮೇತ."

"ಹೋಗ್ಲಿ ಬಿಡೇ," ಎಂದ ಬಾಗಿಲಲ್ಲಿ ನಿಂತಿದ್ದ ಗಂಡ.

"ನೀವು ಸುಮ್ನಿರಿ!" ಅವಳ ಗದರಿಕೆಗೆ ಅವನು ಮಾರುಕಟ್ಟೆಯ ಚೀಲ ಹುಡುಕಿಕೊಂಡು ಹೊರಟೇಹೋದ.

ಅಷ್ಟು ಕಾಯಿ ಬಿಸಾಡುವಂತಿರಲಿಲ್ಲ, ಮತ್ತೆ ತರುವಂತೆಯೂ ಇರಲಿಲ್ಲ. ಅತ್ತೆ ಗೊಣಗುತ್ತಲೇ ಒಪ್ಪಿದರು. ಭರಣಿಗಳು ಅವರ ಮಂಚದ ಪಕ್ಕ ಸೇರಿದವು.

ಆಮೇಲೆ ಬಂದವು ನೋಡಿ ಚಿಕ್ಕವಳ ಬದುಕಿನ ಅತಿ ಸುಖದ ದಿನಗಳು! ಅಕ್ಕನ ಸ್ಥಿತಿ ಯಾರಿಗೂ ಬೇಡ. ಭರಣಿ ಚೆನ್ನಾಗಿ ಬಂದರೆ ಇಷ್ಟು ವರ್ಷದ ಸುಳ್ಳು ಬಯಲಾಗುತ್ತದೆ. ಕೆಡಿಸೋಣವೆಂದರೆ ಮನೆಯ ಹೋಟೆಲಿಗೆ ತಾನೇ ಬೀಗ ಹಾಕಿದ ಹಾಗೆ, ಮೇಲೆ ಅತ್ತೆಯ ಕಾವಲು ಬೇರೆ. "ಅತ್ತೆ, ಬಟ್ಟೆ ಸಡಿಲಾಗಿದೆಯೇನೋ ನೋಡ್ಲಾ?" ಎಂದು ಒಂದು ಸಲ ಹೋದಳು. "ಅತ್ತೆ, ಮಂಚದ ಕೆಳಗೆ ಗುಡಿಸ್ಲಾ?" ಎಂದು ಇನ್ನೊಂದು ಸಲ. ಎರಡು ಸಲವೂ ಅತ್ತೆ ಕೋಲು ಅಡ್ಡ ಹಿಡಿದರು. ಅನ್ನ ಕಲಸಿ ಕಲಸಿ ಹಾಗೇ ಬಿಟ್ಟೇಳುತ್ತಿದ್ದ ಅಕ್ಕನ ಎದುರಿಗೇ ಚಿಕ್ಕವಳು ಎರಡು ಸಲ ಬಡಿಸಿಕೊಂಡು ಉಂಡಳು. "ಯಾಕಕ್ಕಾ, ಊಟ ಸೇರ್ತಿಲ್ವಾ? ಮುಖ ಎಷ್ಟು ಇಳಿದುಹೋಗಿದೆ, ಪಾಪ!" ಅಂದಳು. ಆ 'ಪಾಪ' ಬಾಯಿಂದ ಹೊರಡುವಾಗ ಎಷ್ಟು ರುಚಿಯಾಗಿತ್ತೆಂದರೆ, ಬೇಕೆಂದೇ ಮರುದಿನವೂ ಅಂದಳು.

ಭರಣಿ ತೆರೆಯುವ ದಿನ ಮನೆಮಂದಿಯೆಲ್ಲ ಅತ್ತೆಯ ಕೋಣೆಯಲ್ಲಿ ಸೇರಿದರು. ಬಟ್ಟೆ ಬಿಚ್ಚಿದರು. ಬೂಷ್ಟಿನ ಒಂದು ಚುಕ್ಕೆಯೂ ಇರಲಿಲ್ಲ. ಅತ್ತೆ ಒಂದು ಕಾಯಿ ತೆಗೆದು ಇದ್ದ ಹಲ್ಲುಗಳಲ್ಲೇ ಕಚ್ಚಿದರು. ಕರುಂ! ಕೋಣೆಗೆಲ್ಲ ಕೇಳಿಸಿತು. ಚಿಕ್ಕವಳು ಮಗಳ ಭುಜ ಹಿಡಿದುಕೊಂಡಳು. ಅತ್ತೆ ಕಣ್ಣು ಮುಚ್ಚಿ ನಿಧಾನವಾಗಿ ಅಗಿದು, ನುಂಗಿ, ಹೇಳಿದರು.

"ಕೈಗುಣ ಅಂದ್ರೆ ಇದು ಕಣ್ರೇ. ಅಂಥ ಕೈ ಬಿದ್ರೂ ಕೆಟ್ಟಿಲ್ಲ ಅಂದ್ರೆ ದೊಡ್ಡವಳ ಕೈ ಎಷ್ಟು ಗಟ್ಟಿ ಇರ್ಬೇಕು! ಅವಳು ಜೋಡಿಸಿದ್ದು ತಾನೇ, ತಡ್ಕೊಂಡಿದೆ."

ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ದೊಡ್ಡವಳ ಮುಖಕ್ಕೆ ರಕ್ತ ವಾಪಸು ಬಂತು. ಸೆರಗು ಸರಿ ಮಾಡಿಕೊಂಡು, "ನಂದೇನಿದೆ ಅತ್ತೆ, ಎಲ್ಲ ನಿಮ್ಮ ಆಶೀರ್ವಾದ," ಎಂದಳು. ಆಮೇಲೆ ಓರಗಿತ್ತಿಯ ಕಡೆ ತಿರುಗಿ, "ಪಾಪ, ಅವಳಿಗೂ ಎರಡು ಕಾಯಿ ಕೊಡಿ," ಅಂದಳು.

ಚಿಕ್ಕವಳು ಮಗಳ ಭುಜ ಬಿಟ್ಟಳು. ನೇರ ಬಚ್ಚಲಿಗೆ ನಡೆದಳು. ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ತುಂಬಿದ ಬಿಂದಿಗೆ ಸೊಂಟದ ಮೇಲಿಟ್ಟುಕೊಂಡು ಬಂದು, ಮೊದಲ ಭರಣಿಯ ಕಲ್ಲು ತೆಗೆದು ಪಕ್ಕಕ್ಕಿಟ್ಟು, ಬುಳುಬುಳು ಎಂದು ನೀರು ಸುರಿದಳು. ಮನೆಮಂದಿ ಗರ ಬಡಿದವರಂತೆ ನಿಂತಿದ್ದರು.

"ಬನ್ನಿ ಅಕ್ಕ, ನಿಮ್ಮ ಕೈ ಇಟ್ಟು ಮುಚ್ಚಿ. ನನ್ನ ಕೈಯನ್ನೇ ತಡ್ಕೊಂಡಿರೋ ಕೈಗೆ ಇಷ್ಟು ನೀರು ಯಾವ ಲೆಕ್ಕ?" ಎಂದು ಎರಡನೆಯ ಭರಣಿಯ ಕಲ್ಲಿಗೆ ಕೈ ಹಾಕಿದಳು.

ದೊಡ್ಡವಳು ಹಾರಿ ಬಂದು ಬಿಂದಿಗೆಯ ಕಂಠ ಹಿಡಿದುಕೊಂಡಳು. "ಬೇಡ್ವೇ! ನಲ್ಲಿ ನೀರು ಕಣೇ ಅದು, ಎಲ್ಲ ಕೊಳೆತುಹೋಗುತ್ತೆ! ಯಾರ ಕೈಯಾದ್ರೇನು, ನೀರು ಬಿದ್ರೆ ಕೆಡ್ಲೇಬೇಕು! ಅವತ್ತು ನಿನ್ನ ಭರಣಿಗೆ ನಾನು ಇದರಲ್ಲಿ ಕಾಲು ಭಾಗಾನೂ ಹುಯ್ದಿರ್ಲಿಲ್ಲ…"

ಮಾತು ಅಲ್ಲಿಗೇ ನಿಂತಿತು. ಬಿಂದಿಗೆ ಇಬ್ಬರ ನಡುವೆ ವಾಲಿಕೊಂಡಿತ್ತು, ನೀರು ಚೆಲ್ಲಿ ನೆಲವೆಲ್ಲ ಒದ್ದೆಯಾಯಿತು.

"ಮುಂದೆ ಹೇಳು," ಎಂದರು ಅತ್ತೆ. ದನಿ ಏರಿರಲಿಲ್ಲ.

ದೊಡ್ಡವಳು ಬಿಂದಿಗೆ ಬಿಟ್ಟಳು. "ನಾನು ಈ ಮನೆಗೆ ಬಂದು ಅಷ್ಟು ವರ್ಷ ಬೆಂದೆ ಅತ್ತೆ. ಒಂದು ದಿನ ಚೆನ್ನಾಗಿದೆ ಅನ್ಲಿಲ್ಲ ನೀವು. ಇವಳು ಬಂದು ತಿಂಗಳಾಗಿರ್ಲಿಲ್ಲ, 'ಇವಳ ಕೈಯಲ್ಲಿ ರುಚಿ ಇದೆ' ಅಂತ ಊರಿಗೆಲ್ಲ ಹೇಳ್ಕೊಂಡು ಬಂದ್ರಿ. ನಂಗೆ ತಡೆಯೋಕಾಗ್ಲಿಲ್ಲ."

ಬಾಗಿಲ ಬಳಿ ನಿಂತಿದ್ದ ಅವಳ ಸೊಸೆ ತಲೆ ತಗ್ಗಿಸಿಕೊಂಡು ಒಳಗೆ ಹೋದಳು. ಅತ್ತೆ ಮೊಮ್ಮಗಳನ್ನು ಹತ್ತಿರ ಕರೆದು, "ಅಡುಗೆಮನೆ ಇನ್ನು ನಿಂದು. ಅಲ್ಲಿ ನಿನ್ನ ಮಾತೇ ಮಾತು, ನಾನೂ ಕೇಳ್ತೀನಿ," ಎಂದರು. ನೀರು ಬಿದ್ದ ಭರಣಿಯನ್ನು ಹಿತ್ತಲ ಗುಂಡಿಗೆ ಸುರಿದರು.

ಇಷ್ಟಕ್ಕೆ ಚಿಕ್ಕವಳ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಅಕ್ಕನನ್ನು ತಾನೇ ಕೂರಿಸಿದಳು, "ಇನ್ನು ಇದು ನಿಮ್ಮ ಜಾಗ," ಎಂದಳು. ಅಕ್ಕ ಸುಮ್ಮನೆ ಕೂತು ತೊಳೆದಳು. ಒಂದು ಅಳು ಇಲ್ಲ, ಜಗಳ ಇಲ್ಲ, ಎದುರುತ್ತರ ಇಲ್ಲ. ತೊಳೆದ ತಟ್ಟೆಯನ್ನು ಕೊಳೆಯಾಗಿದೆಯೆಂದು ವಾಪಸು ಎಸೆದರೆ ಅದನ್ನೂ ಮತ್ತೆ ತೊಳೆದಳು. ಆ ಮೌನವೇ ಚಿಕ್ಕವಳನ್ನು ಕೊಂದಿತು. ನಾನು ಪಟ್ಟದ್ದು ಇವಳು ಪಡುವುದು ಯಾವಾಗ? ಎಲ್ಲಿ ಚುಚ್ಚಿದರೆ ಇವಳಿಗೆ ನೋವಾಗುತ್ತದೆ? ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದಳು.

ಸಿಕ್ಕಿತು. ಗುಂಡಿಗೆ ಸುರಿದದ್ದರ ಬದಲಿಗೆ ಒಂದು ಹೊಸ ಭರಣಿ ಹಾಕಲು ಮಗಳು ಕಾಯಿ ತರಿಸಿದ್ದಳು. ಅಡುಗೆಮನೆಯ ನೆಲದ ಮೇಲೆ ಮಗಳೂ ಅಕ್ಕನ ಸೊಸೆಯೂ ಎದುರುಬದುರು ಕೂತು ನಾರು ತೆಗೆಯುತ್ತಿದ್ದರು. ಹಿತ್ತಲ ಬಾಗಿಲು ತೆರೆದಿತ್ತು. ಕಲ್ಲಿನ ಮೇಲೆ ಕೂತ ಅಕ್ಕನಿಗೆ ಒಳಗಿನದೆಲ್ಲ ಕಾಣುತ್ತಿತ್ತು. ಆ ಹುಡುಗಿ ಒಂದು ಹಿಡಿ ಕಾಯಿ ಎತ್ತಿ ಭರಣಿಗೆ ಹಾಕಲು ಹೋದಳು.

"ಏಯ್, ನೀನು ಮುಟ್ಬೇಡ," ಎಂದಳು ಚಿಕ್ಕವಳು, ಹಿತ್ತಲಿಗೂ ಕೇಳುವ ಹಾಗೆ. "ನಿನ್ನ ಅತ್ತೆ ಪಳಗಿಸಿದ ಕೈ ಅದು. ಭರಣಿ ಹತ್ರ ಬಂದ್ರೆ ಏನಾಗುತ್ತೋ ಯಾರಿಗೆ ಗೊತ್ತು, ಪಾಪ!"

ಹುಡುಗಿಯ ಕೈಯಿಂದ ಕಾಯಿ ನೆಲಕ್ಕೆ ಬಿದ್ದವು. ಅವಳು ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಂಡು, ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡಳು. ಹಿತ್ತಲಲ್ಲಿ ಪಾತ್ರೆ ದಡಾರನೆ ಬಿತ್ತು. ಅಕ್ಕ ಬಾಗಿಲಿಗೆ ಬಂದಿದ್ದಳು, ಮುಖವೆಲ್ಲ ನೀರು.

"ನನ್ನನ್ನ ಹೊಡಿ, ಬಡಿ, ಏನಾದ್ರೂ ಮಾಡು. ಆ ಮಗೂನ ಬಿಟ್ಬಿಡೇ. ಕೈ ಮುಗೀತೀನಿ."

"ನನ್ನ ಮಗಳನ್ನ ನೀವು ಬಿಟ್ಟಿದ್ರಾ?"

ಹಾ! ಇದು. ಇದೇ ಮುಖ. ಇದನ್ನು ನೋಡುವುದಕ್ಕೇ ತಾನೆ ಇಷ್ಟು ಉರಿದದ್ದು. ಚಿಕ್ಕವಳು ಆ ಮುಖವನ್ನು ಕಣ್ತುಂಬ ನೋಡಿದಳು. ಇಷ್ಟು ವರ್ಷದ ಹೊಟ್ಟೆಯ ಬೆಂಕಿ ಒಂದೇ ಸಲಕ್ಕೆ ಆರಿದ ಹಾಗಾಯಿತು. ನೋಡು, ಹೇಗೆ ಕೊಟ್ಟೆ ಎನ್ನುವ ಹಾಗೆ ಮಗಳ ಕಡೆ ತಿರುಗಿದಳು.

ಮಗಳು ಎದ್ದು ನಿಂತಿದ್ದಳು. "ಅಮ್ಮ, ಈ ಅಡುಗೆಮನೆ ಯಾರದು?"

"ನಿಂದೇ ಕಣೇ. ನಾನು ಗೆದ್ದು ಕೊಟ್ಟಿದ್ದು."

"ಹಾಗಾದ್ರೆ ಹೊರಗೆ ಹೋಗು."

ತಮಾಷೆ ಇರಬೇಕೆಂದು ಚಿಕ್ಕವಳು ನಕ್ಕಳು. ಮಗಳು ನಗಲಿಲ್ಲ. ಆ ಹುಡುಗಿಯ ಪಕ್ಕ ಕೂತು, ಬೆನ್ನ ಹಿಂದಿದ್ದ ಕೈಗಳನ್ನು ಒಂದೊಂದಾಗಿ ಬಿಡಿಸಿ ಮುಂದಕ್ಕೆ ತಂದು, "ಹಾಕಿ ಅತ್ತಿಗೆ, ನೀವೇ ಮೊದಲು ಹಾಕಿ," ಎಂದಳು. ತಲೆಯೆತ್ತದೆಯೇ ಇನ್ನೊಂದು ಸಲ ಹೇಳಿದಳು. "ಅಮ್ಮ, ಹೋಗು ಅಂದ್ನಲ್ಲ. ಇಲ್ಲಿಗೆ ಇನ್ನು ನೀನು ಬರ್ಬೇಡ."

"ಯಾರಿಗೋಸ್ಕರ ಮಾಡಿದೆನೇ ಇದೆಲ್ಲ? ನಿಂಗೋಸ್ಕರ ತಾನೇ!"

ಮಗಳು ಮುಂದಿನ ಕಾಯಿಯ ತೊಟ್ಟು ಮುರಿದಳು. ಅವಳು ಹೊಸ್ತಿಲು ದಾಟಿ ಹಿತ್ತಲಿಗಿಳಿದಳು. ಅಕ್ಕ ಕಣ್ಣೊರೆಸಿಕೊಳ್ಳುತ್ತ ಮತ್ತೆ ಕಲ್ಲಿನ ಮೇಲೆ ಕೂತಿದ್ದಳು. ಇವಳನ್ನು ಕಂಡು ಸ್ವಲ್ಪ ಸರಿದು ಜಾಗ ಮಾಡಿದಳು. ಚಿಕ್ಕವಳು ಕೂರಲಿಲ್ಲ. ಅವಳ ಜೊತೆ ಕೂರುವುದೇ, ಥೂ! ಗೋಡೆಗೆ ಒರಗಿ, ಬಾಗಿಲ ಕಡೆ ಮುಖ ಮಾಡಿ, ಈಗ ಕರೆಯುತ್ತಾಳೆ, ಇನ್ನೇನು ಕರೆಯುತ್ತಾಳೆ ಎಂದು ನಿಂತಳು. ಒಳಗೆ ಇಬ್ಬರು ಹುಡುಗಿಯರು ಟಪ್ ಟಪ್ ಎಂದು ತೊಟ್ಟು ಮುರಿಯುತ್ತ, ಮೆಲ್ಲಗೆ ಏನೋ ಮಾತಾಡಿಕೊಳ್ಳುತ್ತಿದ್ದರು. ಬಿಸಿಲು ಗೋಡೆ ಇಳಿದರೂ ಅವಳನ್ನು ಯಾರೂ ಒಳಗೆ ಕರೆಯಲಿಲ್ಲ.